ಲಾರಿಯ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿಲ್ಲ: ಹ್ಯಾಂಡಲ್ ಬದಲಿಸಬೇಕೇ, ಲಾಕ್ ತೊಳೆದರೆ ಸಾಕೇ?

ಕೋಲಾರ_ಮಂಡಿ_ಲಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು 2006ರ ಮಾಡೆಲ್‌ನ ಆರು ಚಕ್ರದ ಲಾರಿ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟ್ ತುಂಬಿಸಿಕೊಂಡು ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಕಡೆಗೆ ಹೋಗುವುದು ಅದರ ನಿತ್ಯದ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿವೆ. ತೊಂದರೆ ಇರುವುದು ಡ್ರೈವರ್ ಕಡೆಯ ಬಾಗಿಲಿನ ಒಳಗಿನ ಹ್ಯಾಂಡಲ್‌ನಲ್ಲಿ. ಕಳೆದ ಬೇಸಿಗೆಯಿಂದ ಬಿಗಿಯಾಗುತ್ತಾ ಬಂದ ಅದು ಈಗ ಅರ್ಧ ದಾರಿಗೆ ಬಂದು ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಎಷ್ಟು ಎಳೆದರೂ ಅಲುಗುವುದಿಲ್ಲ. ಇಳಿಯಬೇಕಾದಾಗ ಡ್ರೈವರ್ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹ್ಯಾಂಡಲ್ ಒತ್ತಿ ತೆಗೆಯುತ್ತಿದ್ದಾರೆ.

ಗ್ಯಾರೇಜಿನಲ್ಲಿ ತೋರಿಸಿದಾಗ, ಹ್ಯಾಂಡಲ್ ಮತ್ತು ಲಾಕ್ ಎರಡನ್ನೂ ಸೆಟ್ ಆಗಿಯೇ ಬದಲಿಸಬೇಕು, ಬೇರೆ ದಾರಿ ಇಲ್ಲ ಎಂದರು. ಬಾಗಿಲು ಬಿಚ್ಚಿ ನೋಡದೆ ಹೇಳಿದ ಮಾತು ಅದು, ಆದ್ದರಿಂದ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಿಮ್ಮಲ್ಲಿ ಯಾರಾದರೂ ಹಳೆಯ ಗಾಡಿಯಲ್ಲಿ ಈ ಕೆಲಸವನ್ನು ಸ್ವತಃ ಮಾಡಿದ್ದರೆ, ಎಲ್ಲಿಂದ ಶುರು ಮಾಡಬೇಕು ಎಂದು ದಯವಿಟ್ಟು ತಿಳಿಸಿ. ಹಿಂಗಾರು ಮಳೆ ಹತ್ತಿರವಿದೆ, ಗಾಜು ಇಳಿಸಿ ಕೈ ಹಾಕುವ ಪದ್ಧತಿ ಇನ್ನು ನಡೆಯುವುದಿಲ್ಲ.

ಮಾಲೂರು_ಟೆಂಪೊ

ಹೊರಗಿನ ಹ್ಯಾಂಡಲ್ ಒತ್ತಿದಾಗ ಬಾಗಿಲು ಸಲೀಸಾಗಿ ತೆಗೆಯುತ್ತದೆಯೇ, ಅಥವಾ ಅದಕ್ಕೂ ಬಲ ಹಾಕಬೇಕೇ? ಇದೊಂದನ್ನು ಹೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಕೋಲಾರ_ಮಂಡಿ_ಲಾರಿ

ಹೊರಗಿನಿಂದ ತೆಗೆಯುತ್ತದೆ, ಆದರೆ ಅದೂ ಮೊದಲಿನಷ್ಟು ಸಲೀಸಾಗಿಲ್ಲ. ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಬೇಕಾಗುತ್ತದೆ.

ಬಂಗಾರಪೇಟೆ_ಗ್ಯಾರೇಜ್

ಹಾಗಿದ್ದರೆ ಹೊಸ ಹ್ಯಾಂಡಲ್ ಕೊಳ್ಳಲು ಇನ್ನೂ ಹೋಗಬೇಡಿ. ಬಾಗಿಲಿನ ಒಳಗೆ ಏನೇನಿದೆ ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಕಾರಣ ತಾನಾಗಿಯೇ ಕಾಣುತ್ತದೆ. ಒಳಗಿನ ಹ್ಯಾಂಡಲ್‌ನಿಂದ ಒಂದು ತೆಳುವಾದ ಕಂಬಿ, ಅಂದರೆ ನಾವು ರಾಡ್ ಎನ್ನುವುದು, ಬಾಗಿಲಿನ ಹಿಂಬದಿಯ ಅಂಚಿನಲ್ಲಿರುವ ಲಾಕ್‌ವರೆಗೆ ಹೋಗುತ್ತದೆ. ಹೊರಗಿನ ಹ್ಯಾಂಡಲ್‌ನಿಂದ ಬರುವ ರಾಡ್ ಬೇರೆ. ಎರಡೂ ಕೊನೆಗೆ ಒಂದೇ ಲಾಕ್‌ಗೆ ಬಂದು ಸೇರುತ್ತವೆ. ಆ ಲಾಕ್‌ನಲ್ಲಿ ಕವೆಯಂಥ ಒಂದು ತುಂಡು ಇರುತ್ತದೆ, ಬಾಗಿಲು ಹಾಕಿದಾಗ ಅದು ತಿರುಗಿ ಬಾಗಿಲು ಚೌಕಟ್ಟಿನ ಕಂಬದ ಮೇಲಿನ ಸ್ಟ್ರೈಕರ್ ಎಂಬ ಗೂಟವನ್ನು ಹಿಡಿದುಕೊಳ್ಳುತ್ತದೆ. ಕವೆ ಹಿಂದಕ್ಕೆ ತಿರುಗದಂತೆ ಸ್ಪ್ರಿಂಗ್ ಇರುವ ಒಂದು ಕೊಕ್ಕೆ ಅದನ್ನು ತಡೆದು ನಿಲ್ಲಿಸುತ್ತದೆ. ಹ್ಯಾಂಡಲ್ ಎಳೆದಾಗ ಆಗುವುದು ಇಷ್ಟೇ: ರಾಡ್ ಆ ಕೊಕ್ಕೆಯನ್ನು ಎತ್ತುತ್ತದೆ, ಕವೆ ಬಿಡುಗಡೆಯಾಗುತ್ತದೆ.

ಈಗ ಲಕ್ಷಣ ನೋಡೋಣ. ಹ್ಯಾಂಡಲ್ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಬಂದುಬಿಟ್ಟರೆ, ರಾಡ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಒಡೆದಿದೆ ಅಥವಾ ರಾಡ್ ಕಳಚಿದೆ ಎಂದರ್ಥ. ಹ್ಯಾಂಡಲ್ ಪೂರ್ತಿ ಬಂದು, ಕೊನೆಯ ಕೂದಲೆಳೆಯಷ್ಟರಲ್ಲಿ ಬಾಗಿಲು ತೆಗೆಯದೆ ಉಳಿದರೆ ರಾಡ್‌ನ ಅಳತೆ ತಪ್ಪಿದೆ. ನಿಮ್ಮದರಲ್ಲಿ ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಲ್ಲುತ್ತಿದೆ, ಜೊತೆಗೆ ಹೊರಗಿನದೂ ಬಿಗಿಯಾಗಿದೆ. ಎರಡು ಹ್ಯಾಂಡಲ್‌ಗಳಿಗೂ ಸಮಾನವಾಗಿರುವ ಭಾಗ ಲಾಕ್ ಒಂದೇ. ಲಾಕ್‌ನ ಒಳಗೆ ಹಳೆಯ ಗ್ರೀಸ್ ಧೂಳಿನೊಂದಿಗೆ ಕಲಸಿ ಅಂಟಾಗಿದೆ ಎಂದೇ ನನ್ನ ಅಂದಾಜು. ಒಳಗಿನ ಹ್ಯಾಂಡಲ್‌ಗೆ ಉದ್ದದ ರಾಡ್, ಮಧ್ಯೆ ತಿರುವುಗಳು, ಹಾಗಾಗಿ ಬಲ ಸೋರಿಹೋಗುತ್ತದೆ. ಹೊರಗಿನದರ ರಾಡ್ ಗಿಡ್ಡ, ಅದಕ್ಕೇ ಅದು ಇನ್ನೂ ಹೇಗೋ ಕೆಲಸ ಮಾಡುತ್ತಿದೆ. ಅದೂ ನಿಲ್ಲುವ ಮೊದಲೇ ಬಾಗಿಲು ಬಿಚ್ಚಿ. ಎರಡೂ ಕೈಕೊಟ್ಟ ಮೇಲೆ ಮುಚ್ಚಿದ ಬಾಗಿಲಿನ ಪ್ಯಾಡ್, ಅಂದರೆ ಒಳಬದಿಯ ಹೊದಿಕೆ ಹಲಗೆ, ಬಿಚ್ಚುವುದು ತುಂಬಾ ಕಷ್ಟ.

ಅಲ್ಲಿಯವರೆಗೆ ಒಳಗಿನ ಹ್ಯಾಂಡಲ್ ಅನ್ನು ಜೋರಾಗಿ ಎಳೆಯಬೇಡಿ ಎಂದು ಡ್ರೈವರ್‌ಗೆ ಹೇಳಿ. ಬಿಸಿಲಿಗೆ ಸವೆದ ಪ್ಲಾಸ್ಟಿಕ್ ಬುಡದಲ್ಲಿಯೇ ಮುರಿಯುತ್ತದೆ, ಆಗ ನಿಜವಾಗಿಯೂ ಹೊಸದು ಕೊಳ್ಳಬೇಕಾಗುತ್ತದೆ.

ಶ್ರೀನಿವಾಸಪುರ_ಮಾವು

ಇಷ್ಟೆಲ್ಲ ಬಿಚ್ಚುವ ಅಗತ್ಯವೇನು? ಮಾವಿನ ಸೀಸನ್‌ನಲ್ಲಿ ನಮ್ಮ ಗಾಡಿ ಹಗಲು ರಾತ್ರಿ ಓಡುತ್ತದೆ, ಗ್ಯಾರೇಜಿಗೆ ಬಿಡಲು ಪುರುಸೊತ್ತು ಇರುವುದಿಲ್ಲ. ಲಾಕ್‌ನ ಕೊಕ್ಕೆಗೆ ನೈಲಾನ್ ಹುರಿ ಕಟ್ಟಿ, ಪ್ಯಾಡ್‌ಗೆ ಒಂದು ತೂತು ಕೊರೆದು ಹೊರಗೆ ತಂದಿದ್ದೇವೆ. ಹುರಿ ಎಳೆದರೆ ಬಾಗಿಲು ತೆಗೆಯುತ್ತದೆ. ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ, ಈವರೆಗೆ ತೊಂದರೆ ಕಂಡಿಲ್ಲ.

ಮುಳಬಾಗಿಲು_ಲೈನ್

ಕ್ಷಮಿಸಿ, ಇದನ್ನು ನಾನು ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಇದೆ. ನಮ್ಮ ಕಡೆ ರಸ್ತೆ ಬದಿಯ ಹಳ್ಳಕ್ಕೆ ಬಲಗಡೆ ವಾಲಿಕೊಂಡು ಒಂದು ಲಾರಿ ಬಿತ್ತು. ಡ್ರೈವರ್ ಬಾಗಿಲು ಮಣ್ಣಿಗೆ ಒತ್ತಿಕೊಂಡಿತ್ತು, ಹೊರಬರಲು ಉಳಿದಿದ್ದು ಕ್ಲೀನರ್ ಕಡೆಯ ಬಾಗಿಲು. ಆ ಬಾಗಿಲಿಗೆ ಇದ್ದದ್ದು ಇಂಥದೇ ಹುರಿ. ಗಾಬರಿಯಲ್ಲಿ ಎಳೆದಾಗ ಗಂಟಿನ ಬಳಿ ಕಿತ್ತು ಕೈಗೆ ಬಂತು. ಅಕ್ಕಪಕ್ಕದ ಹೊಲದಲ್ಲಿದ್ದ ನಾವು ಓಡಿಹೋಗಿ ಮುಂದಿನ ಗಾಜು ಒಡೆದು ಇಬ್ಬರನ್ನೂ ಹೊರಗೆ ತೆಗೆದೆವು. ಪ್ರಾಣಾಪಾಯ ಆಗಲಿಲ್ಲ ನಿಜ, ಆದರೆ ಡೀಸೆಲ್ ಟ್ಯಾಂಕ್‌ನಿಂದ ಸೋರುತ್ತಿತ್ತು, ಬೆಂಕಿ ಹತ್ತಿದ್ದರೆ ನಮ್ಮ ಕೈಯಲ್ಲಿ ಏನೂ ಆಗುತ್ತಿರಲಿಲ್ಲ.

ಒಳಗಿನ ಹ್ಯಾಂಡಲ್ ಇರುವುದೇ ಅಂಥ ಹೊತ್ತಿಗಾಗಿ. ಹೊಗೆಯಲ್ಲಿ, ಕತ್ತಲಲ್ಲಿ, ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಅದು ಇದ್ದ ಜಾಗದಲ್ಲಿ ಸಿಗಬೇಕು, ಒಂದೇ ಎಳೆತಕ್ಕೆ ಬಾಗಿಲು ತೆಗೆಯಬೇಕು. ಗಾಜು ಇಳಿಸಿ ಕೈ ಹೊರಗೆ ಹಾಕುವುದೂ ಅಷ್ಟೇ ಅಪಾಯಕಾರಿ. ಬಾಗಿಲು ಗೋಡೆಗೋ ಇನ್ನೊಂದು ಗಾಡಿಗೋ ಒತ್ತಿಕೊಂಡಿದ್ದರೆ ಕೈ ಎಲ್ಲಿಗೆ ಹೋಗಬೇಕು?

ಶ್ರೀನಿವಾಸಪುರ_ಮಾವು

ಅಪಘಾತವನ್ನು ಮುಂದಿಟ್ಟರೆ ಯಾರೂ ಎದುರು ಮಾತನಾಡಲಾಗುವುದಿಲ್ಲ. ನಾನು ಹೇಳಿದ್ದು ತಾತ್ಕಾಲಿಕ ಉಪಾಯ. ದಾರಿಯ ಮಧ್ಯೆ ಹ್ಯಾಂಡಲ್ ಮುರಿದರೆ ಊರು ಸೇರುವ ತನಕ ಏನು ಮಾಡಬೇಕು ಎಂಬುದಕ್ಕೂ ಉತ್ತರ ಬೇಕಲ್ಲವೇ?

ಬಂಗಾರಪೇಟೆ_ಗ್ಯಾರೇಜ್

ದಾರಿಯಲ್ಲಿ ಮುರಿದಾಗ ಹುರಿ ಕಟ್ಟಿ ಊರು ಸೇರುವುದಕ್ಕೆ ನನ್ನ ತಕರಾರಿಲ್ಲ. ಹುರಿಗಿಂತ ಬೈಂಡಿಂಗ್ ವೈರ್ ಮೇಲು, ಅದನ್ನು ಎರಡು ಎಳೆಯಾಗಿ ಹೊಸೆದು ತುದಿಗೆ ಬೆರಳು ಹಿಡಿಸುವಷ್ಟು ಬಳೆ ಮಾಡಿ. ಆದರೆ ಊರು ಸೇರಿದ ಮೇಲೆ ಅದು ಅಲ್ಲಿಯೇ ಉಳಿಯಬಾರದು. ವರ್ಷಗಟ್ಟಲೆ ಉಳಿದರೆ ಅದನ್ನು ತಾತ್ಕಾಲಿಕ ಎನ್ನಲಾಗುವುದಿಲ್ಲ.

ತಿಪಟೂರು_ಕೊಬ್ಬರಿ

ಮೂಲ ಪ್ರಶ್ನೆಗೆ ಬರುತ್ತೇನೆ. ಬಿಚ್ಚುವ ಮೊದಲು ಲಾಕ್‌ನ ಬಾಯಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ನೋಡಬಹುದಲ್ಲವೇ? ನಮ್ಮಲ್ಲಿ ಆಯಿಲ್ ಬದಲಿಸಿದಾಗ ಉಳಿಯುವ ಹಳೆಯದನ್ನೇ ಕೀಲುಗಳಿಗೆಲ್ಲ ಹಾಕುವುದು ರೂಢಿ.

ಚಿಂತಾಮಣಿ_ಟಿಂಕರ್

ದಯವಿಟ್ಟು ಹಳೆಯ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿ ಮಸಿಯೂ ಸವೆದ ಲೋಹದ ಪುಡಿಯೂ ಇರುತ್ತವೆ. ಹಾಕಿದ ವಾರ ಚೆನ್ನಾಗಿ ಕಾಣುತ್ತದೆ, ಆಮೇಲೆ ನಮ್ಮ ಕೆಂಪು ಧೂಳನ್ನು ಎಳೆದುಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ. ಬಾಗಿಲಿನ ಅಂಚಿನಿಂದ ಇಳಿದು ಡ್ರೈವರ್ ಬಟ್ಟೆಗೂ ಹತ್ತುತ್ತದೆ.

ಸಿರಾ_ಹೆದ್ದಾರಿ

ಡಬ್ಲ್ಯೂಡಿ-40 ಸ್ಪ್ರೇ ಸಾಕಲ್ಲವೇ? ನಾನು ಎಲ್ಲದಕ್ಕೂ ಅದನ್ನೇ ಬಳಸುತ್ತೇನೆ.

ಚಿಂತಾಮಣಿ_ಟಿಂಕರ್

ಬಿಡಿಸುವುದಕ್ಕೆ ಅದು ಒಳ್ಳೆಯದು, ಉಳಿಸಿಕೊಳ್ಳುವುದಕ್ಕೆ ಸಾಲದು. ನೀರನ್ನು ಹೊರದೂಡುವುದು, ತುಕ್ಕಿನ ಸಂದಿಗೆ ನುಗ್ಗುವುದು ಅದರ ಗುಣ. ಅದರಲ್ಲಿರುವ ತೆಳು ದ್ರಾವಕ ಆರಿದ ಮೇಲೆ ಹಿಂದೆ ಉಳಿಯುವ ಎಣ್ಣೆಯ ಪದರ ತೀರಾ ತೆಳು. ದಿನಕ್ಕೆ ಹತ್ತಾರು ಸಲ ಬಡಿದುಕೊಳ್ಳುವ ಲಾರಿಯ ಲಾಕ್‌ಗೆ ಅದು ಹೆಚ್ಚು ಕಾಲ ತಾಳುವುದಿಲ್ಲ. ಮೊದಲು ಸ್ಪ್ರೇಯಿಂದಲೋ ಸೀಮೆಎಣ್ಣೆಯಿಂದಲೋ ತೊಳೆಯಬೇಕು, ಒರೆಸಿ ಆರಿಸಬೇಕು, ಆ ಮೇಲೆ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಬೇಕು. ಚಾಸಿಗೆ ಹೊಡೆಯುವ ಗ್ರೀಸ್ ಅನ್ನು ಮುದ್ದೆಯಾಗಿ ತುಂಬುವವರೂ ಇದ್ದಾರೆ, ಅದೂ ತಪ್ಪು. ಕೀ ಹಾಕುವ ರಂಧ್ರಕ್ಕೆ ಮಾತ್ರ ಯಾವ ಗ್ರೀಸೂ ಬೇಡ, ಅಲ್ಲಿಗೆ ಗ್ರಾಫೈಟ್ ಪುಡಿ ಸರಿ.

ತಿಪಟೂರು_ಕೊಬ್ಬರಿ

ಹಳೆಯ ಆಯಿಲ್ ಕುರಿತು ನೀವು ಹೇಳಿದ್ದು ಸರಿಯಿರಬಹುದು. ಆದರೆ ಹಿಂಜ್ ಪಿನ್‌ಗೆ ಹೊಸ ಆಯಿಲ್ ಹಾಕುವುದರಲ್ಲಿ ತಪ್ಪಿಲ್ಲ ಎಂದು ಭಾವಿಸುತ್ತೇನೆ.

ಚಿಂತಾಮಣಿ_ಟಿಂಕರ್

ಹಿಂಜ್‌ಗೆ ಧಾರಾಳವಾಗಿ ಹಾಕಿ, ನನ್ನ ಮಾತು ಲಾಕ್‌ನ ಒಳಭಾಗದ ಕುರಿತು ಮಾತ್ರ.

ಕೋಲಾರ_ಮಂಡಿ_ಲಾರಿ

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಲೋಡ್ ಇಲ್ಲ, ಬಿಚ್ಚಲು ನಿರ್ಧರಿಸಿದ್ದೇನೆ. ಒಂದು ಸಂದೇಹ ಇದೆ. ಗಾಜು ಏರಿಸಿ ಇಳಿಸುವ ತಿರುಗುಹಿಡಿಕೆಯಲ್ಲಿ ನನಗೆ ಯಾವ ಸ್ಕ್ರೂ ಕೂಡ ಕಾಣುತ್ತಿಲ್ಲ. ಅದನ್ನು ತೆಗೆಯದೆ ಪ್ಯಾಡ್ ಹೊರಬರುವುದಿಲ್ಲವಲ್ಲ?

ಮಾಲೂರು_ಟೆಂಪೊ

ಸ್ಕ್ರೂ ಇಲ್ಲವೆಂದರೆ ಹಿಡಿಕೆಯ ಬುಡದಲ್ಲಿ, ಪ್ಯಾಡ್‌ಗೆ ಮುಖ ಮಾಡಿ, ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ಕ್ಲಿಪ್ ಕೂತಿರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಪ್ಯಾಡ್ ಹರಿಯುತ್ತದೆ. ಹಳೆಯ ಬನಿಯನ್ ಬಟ್ಟೆಯ ಉದ್ದ ಪಟ್ಟಿಯೊಂದನ್ನು ಹಿಡಿಕೆಗೂ ಪ್ಯಾಡ್‌ಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಉಜ್ಜುತ್ತಾ ಮೇಲಕ್ಕೆ ಎಳೆಯಿರಿ. ಬಟ್ಟೆ ಕ್ಲಿಪ್‌ನ ತುದಿಗೆ ಸಿಕ್ಕಿಕೊಂಡು ಅದನ್ನು ಹೊರಗೆ ತಳ್ಳುತ್ತದೆ. ಕ್ಲಿಪ್ ಚಿಮ್ಮಿ ಹಾರುತ್ತದೆ, ಆದ್ದರಿಂದ ಇನ್ನೊಂದು ಕೈಯನ್ನು ಅಡ್ಡ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಕ್ಲಿಪ್ ಬದಲು ಅಡ್ಡ ಪಿನ್ ಇರುತ್ತದೆ, ಅಂಥದಕ್ಕೆ ಸಣ್ಣ ಪಂಚ್ ಇಟ್ಟು ಮೆಲ್ಲಗೆ ತಟ್ಟಬೇಕು.

ಹಿಡಿಕೆ ತೆಗೆಯುವ ಮೊದಲೇ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿಬಿಡಿ. ಕೆಳಗಿದ್ದರೆ ನಿಮ್ಮ ಕೈಗೂ ಲಾಕ್‌ಗೂ ನಡುವೆ ಅದೇ ಅಡ್ಡಿಯಾಗುತ್ತದೆ. ಹಿಡಿಕೆ ಯಾವ ಕೋನದಲ್ಲಿ ಕೂತಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ವಾಪಸ್ ಕೂರಿಸುವಾಗ ಮೊಣಕಾಲಿಗೆ ತಾಗದಂತೆ ಇಡಬಹುದು.

ಗೌರಿಬಿದನೂರು_ಪಿಕಪ್

ಕೈಗವಸು ಹಾಕಿಕೊಳ್ಳಲು ಮರೆಯಬೇಡಿ. ಬಾಗಿಲಿನ ಒಳತಗಡಿನ ತೂತುಗಳ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ, ಮೊಣಕೈವರೆಗೆ ತೂರಿಸಿದಾಗ ಗೀರಿದ್ದೇ ತಿಳಿಯುವುದಿಲ್ಲ.

ಈ ಸಂದರ್ಭದಲ್ಲಿಯೇ ನನ್ನದೂ ಒಂದು ಪ್ರಶ್ನೆ. ನನ್ನ ಪಿಕಪ್‌ಗೆ ಹಿಂದಿನ ಮಾಲೀಕರು ಹೊರಗಿನಿಂದ ಸೆಂಟ್ರಲ್ ಲಾಕ್ ಹಾಕಿಸಿದ್ದಾರೆ. ಎಡಗಡೆಯ ಒಳ ಹ್ಯಾಂಡಲ್ ಒಮ್ಮೊಮ್ಮೆ ಚೆನ್ನಾಗಿ ತೆಗೆಯುತ್ತದೆ, ಒಮ್ಮೊಮ್ಮೆ ಏನು ಮಾಡಿದರೂ ಇಲ್ಲ. ಇದಕ್ಕೂ ಅಂಟೇ ಕಾರಣವೇ?

ಬಂಗಾರಪೇಟೆ_ಗ್ಯಾರೇಜ್

ನಿಮ್ಮದು ಬೇರೆ ಕತೆ. ಸೆಂಟ್ರಲ್ ಲಾಕ್‌ನ ಮೋಟಾರು ಲಾಕ್ ಗುಂಡಿಯ ರಾಡ್ ಅನ್ನು ಎಳೆದು ತಳ್ಳುತ್ತದೆ. ಮೋಟಾರು ದುರ್ಬಲವಾದರೆ ಅಥವಾ ಅದನ್ನು ಹಿಡಿದಿರುವ ಸ್ಕ್ರೂ ಸಡಿಲವಾದರೆ ರಾಡ್ ಅರ್ಧ ಲಾಕ್ ಸ್ಥಿತಿಯಲ್ಲಿ ನಿಂತುಬಿಡುತ್ತದೆ, ಆಗ ಹ್ಯಾಂಡಲ್ ಎಳೆದರೂ ಕೊಕ್ಕೆಗೆ ಬಲ ತಲುಪುವುದಿಲ್ಲ. ಬಾಗಿಲು ತೆಗೆಯದಿದ್ದಾಗ ಲಾಕ್ ಗುಂಡಿಯನ್ನು ಕೈಯಿಂದ ಪೂರ್ತಿ ಮೇಲಕ್ಕೆ ಎತ್ತಿ ಮತ್ತೆ ಹ್ಯಾಂಡಲ್ ಎಳೆದು ನೋಡಿ. ತೆಗೆದರೆ ಮೋಟಾರಿನದೇ ದೋಷ. ಅದರ ರಾಡ್ ಕಳಚಿಟ್ಟು ಕೆಲವು ದಿನ ಕೀಯಿಂದಲೇ ಲಾಕ್ ಮಾಡಿ ಓಡಿಸಿದರೆ ಖಾತ್ರಿಯಾಗುತ್ತದೆ.

ಗೌರಿಬಿದನೂರು_ಪಿಕಪ್

ಗುಂಡಿ ಎತ್ತಿದಾಗ ತೆಗೆಯಿತು. ಬಹಳ ಉಪಕಾರವಾಯಿತು.

ಕೋಲಾರ_ಮಂಡಿ_ಲಾರಿ

ಪ್ಯಾಡ್ ಬಿಚ್ಚಿದೆ. ಬಟ್ಟೆ ಪಟ್ಟಿಯ ಉಪಾಯ ಎರಡೇ ಎಳೆತಕ್ಕೆ ಫಲ ಕೊಟ್ಟಿತು. ಒಳಗೆ ಕಂಡದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ರಾಡ್ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್‌ಗಳು ಹಳದಿಗಟ್ಟಿವೆ, ಆದರೆ ಮುರಿದಿಲ್ಲ. ಹ್ಯಾಂಡಲ್‌ನ ಹಿಂಬದಿಯೂ ಸರಿಯಾಗಿದೆ, ರಾಡ್ ಕಳಚಿ ನೋಡಿದಾಗ ಹ್ಯಾಂಡಲ್ ಒಂದೇ ಬೆರಳಿಗೆ ಹಗುರವಾಗಿ ಬರುತ್ತಿದೆ. ಲಾಕ್‌ನ ಬಳಿ ಟಾರ್ಚ್ ಹಿಡಿದಾಗ ಸಂಗತಿ ಕಂಡಿತು. ಕೊಕ್ಕೆಯ ಸುತ್ತ ಕಪ್ಪು ಮೇಣದಂತೆ ಏನೋ ಮೆತ್ತಿಕೊಂಡಿದೆ. ಉಗುರಿನಿಂದ ಕೆರೆದರೆ ಒಳಪದರದಲ್ಲಿ ಕೆಂಪು ಮಣ್ಣು, ಅದರ ನಡುವೆ ಟೊಮೆಟೊ ಕ್ರೇಟ್‌ಗೆ ಹಾಸುವ ಒಣಹುಲ್ಲಿನ ಎಳೆಯೊಂದು. ಸ್ಪ್ರಿಂಗ್‌ನ ಸುರುಳಿಗಳ ಸಂದಿಯೇ ಕಾಣದಂತೆ ತುಂಬಿಹೋಗಿದೆ. ಕೊಕ್ಕೆ ಎತ್ತಿದರೆ ಅರ್ಧಕ್ಕೆ ನಿಲ್ಲುತ್ತದೆ, ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ. ಪ್ಯಾಡ್ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಇಲ್ಲವೇ ಇಲ್ಲ. ಬಾಗಿಲಿನ ತಳದಲ್ಲಿ ಹಸಿ ಮಣ್ಣು ಗಟ್ಟಿಯಾಗಿ ಕೂತಿದೆ, ಅಲ್ಲಲ್ಲಿ ತುಕ್ಕು ಶುರುವಾಗಿದೆ.

ಚಿಂತಾಮಣಿ_ಟಿಂಕರ್

ಆ ಮಣ್ಣಿನ ಅಡಿಯಲ್ಲಿ ನೀರು ಹರಿದುಹೋಗುವ ತೂತುಗಳಿವೆ, ಮೊದಲು ಅವನ್ನು ತೆರೆಯಿರಿ. ಗಾಜಿನ ಅಂಚಿನಿಂದ ಬಾಗಿಲಿನ ಒಳಗೆ ಮಳೆನೀರು ಇಳಿಯುವುದು ಸಹಜ, ಎಷ್ಟೇ ಹೊಸ ರಬ್ಬರ್ ಹಾಕಿದರೂ ಪೂರ್ತಿ ನಿಲ್ಲುವುದಿಲ್ಲ. ಇಳಿದ ನೀರು ಹೊರಗೆ ಹೋಗಲೆಂದೇ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಅವು ಮುಚ್ಚಿದರೆ ಬಾಗಿಲಿನ ತಳ ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಪೇಂಟ್ ಗುಳ್ಳೆ ಏಳುವ ಹೊತ್ತಿಗೆ ತಗಡು ಮುಗಿದಿರುತ್ತದೆ. ನನ್ನ ಬಳಿ ಬರುವ ಬಾಗಿಲು ಕೆಲಸಗಳಲ್ಲಿ ಹೆಚ್ಚಿನವು ಇದೇ ಕಾರಣದವು. ಒಳಗೆ ತೇವ ನಿಂತರೆ ಲಾಕ್‌ಗೂ ತುಕ್ಕು ಹಿಡಿಯುತ್ತದೆ.

ಮರದ ಕಡ್ಡಿಯಿಂದ ಕೆದಕಿ, ನೀರು ಬಿಟ್ಟು ತೊಳೆದು, ಚೆನ್ನಾಗಿ ಒಣಗಿಸಿ. ತುಕ್ಕು ಇರುವಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿದರೆ ಸದ್ಯಕ್ಕೆ ಸಾಕು. ತೂತಿನ ಮೇಲೆ ಪೇಂಟ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ.

ಬಂಗಾರಪೇಟೆ_ಗ್ಯಾರೇಜ್

ನೀವು ಬರೆದಿರುವ ಲಕ್ಷಣ ನೋಡಿದರೆ ಲಾಕ್ ಹಾಳಾಗಿಲ್ಲ. ಕೊಕ್ಕೆಯ ಹಲ್ಲು ದುಂಡಗೆ ಸವೆದಿದೆಯೇ ಎಂಬುದನ್ನು ಮಾತ್ರ ಬೆಳಕಿನಲ್ಲಿ ನೋಡಿ. ಅಂಚು ಚೂಪಾಗಿದ್ದರೆ ತೊಳೆದು ಬಳಸಬಹುದು. ದುಂಡಗಾಗಿದ್ದರೆ ತೊಳೆಯುವುದರಿಂದ ಪ್ರಯೋಜನವಿಲ್ಲ. ಅಂಥ ಲಾಕ್ ಓಡುವಾಗ ತಾನಾಗಿ ಬಿಟ್ಟುಕೊಳ್ಳುವ ಭಯ ಇರುತ್ತದೆ, ಆಗ ಬದಲಿಸಲೇಬೇಕು.

ಬಾಗಿಲಿನ ಅಂಚಿನ ಸ್ಕ್ರೂಗಳನ್ನು ಬಿಚ್ಚಿ ಲಾಕ್ ಹೊರಗೆ ತೆಗೆಯಿರಿ. ಅವು ಬಿಗಿಯಾಗಿ ಕೂತಿರುತ್ತವೆ, ಸರಿಯಾದ ಅಳತೆಯ ಬಿಟ್ ಇಲ್ಲದೆ ತಿರುಗಿಸಿದರೆ ತಲೆ ಹಾಳಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಬಿಟ್ಟು, ಬೆಳಿಗ್ಗೆ ಬಿಟ್ ಇಟ್ಟು ಸುತ್ತಿಗೆಯಿಂದ ಒಮ್ಮೆ ತಟ್ಟಿ ಆಮೇಲೆ ತಿರುಗಿಸಿ. ಲಾಕ್ ಅನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸ್ಪ್ರಿಂಗ್ ಸುತ್ತ ಉಜ್ಜಿ. ಕೊಕ್ಕೆ ಬಿಟ್ಟ ಕೂಡಲೇ ಟಕ್ ಎಂದು ಹಿಂದಕ್ಕೆ ಹೊಡೆಯುವ ತನಕ ಬಿಡಬೇಡಿ.

ವಾಪಸ್ ಕೂರಿಸಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ, ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಬಾಗಿಲು ತೆರೆದೇ ಇರಲಿ. ಲಾಕ್‌ನ ಕವೆಯನ್ನು ಸ್ಕ್ರೂ ಡ್ರೈವರ್‌ನಿಂದ ಒತ್ತಿ ತಿರುಗಿಸಿ, ಎರಡು ಸಲ ಕ್ಲಿಕ್ ಎನ್ನಬೇಕು. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ಈಗ ಒಳಗಿನ ಹ್ಯಾಂಡಲ್ ಎಳೆಯಿರಿ, ಕವೆ ಪೂರ್ತಿ ತೆರೆದುಕೊಳ್ಳಬೇಕು. ಹೊರಗಿನದರಿಂದಲೂ, ಕೀಯಿಂದಲೂ ಹೀಗೆಯೇ ಪರೀಕ್ಷಿಸಿ. ಎಲ್ಲವೂ ಸರಿಯಾದ ಮೇಲಷ್ಟೇ ಬಾಗಿಲನ್ನು ಹಾಕಿ. ರಾಡ್ ಒಂದು ತಪ್ಪಿ ಕೂತಿದ್ದು, ನೀವು ಬಾಗಿಲು ಹಾಕಿಬಿಟ್ಟರೆ ಮತ್ತೆ ತೆಗೆಯಲು ದೊಡ್ಡ ಪಾಡು ಪಡಬೇಕಾಗುತ್ತದೆ.

ಸಿರಾ_ಹೆದ್ದಾರಿ

ಒಂದು ವೇಳೆ ಹಾಗೆ ಸಿಕ್ಕಿಹಾಕಿಕೊಂಡೇಬಿಟ್ಟರೆ ಏನು ಮಾಡಬೇಕು? ಎರಡೂ ಹ್ಯಾಂಡಲ್ ಕೆಲಸ ಮಾಡದೆ ಬಾಗಿಲು ಮುಚ್ಚಿಯೇ ಉಳಿದರೆ?

ಚಿಂತಾಮಣಿ_ಟಿಂಕರ್

ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿ. ಹೊರಗೆ ಒಬ್ಬರು ನಿಂತು ಬಾಗಿಲನ್ನು ಭುಜದಿಂದ ಒಳಕ್ಕೆ ಒತ್ತಿ ಹಿಡಿಯಲಿ, ಒಳಗಿನವರು ಅದೇ ಕ್ಷಣ ಹ್ಯಾಂಡಲ್ ಎಳೆಯಲಿ. ಬಾಗಿಲಿನ ರಬ್ಬರ್ ಸದಾ ಹೊರಕ್ಕೆ ತಳ್ಳುತ್ತಿರುವುದರಿಂದ ಕವೆಯ ಭಾರವೆಲ್ಲ ಕೊಕ್ಕೆಯ ಮೇಲೆ ಬೀಳುತ್ತದೆ, ಒಳಕ್ಕೆ ಒತ್ತಿದಾಗ ಆ ಭಾರ ಇಳಿದು ಕೊಕ್ಕೆ ಹಗುರವಾಗಿ ಏಳುತ್ತದೆ. ಬಹಳಷ್ಟು ಬಾಗಿಲು ಇದಕ್ಕೇ ತೆಗೆಯುತ್ತವೆ. ಇಲ್ಲವಾದರೆ ಪ್ಯಾಡ್‌ನ ಒಂದು ಮೂಲೆ ಬಲಿಕೊಟ್ಟು, ಒಳಗಿನಿಂದ ಉದ್ದನೆಯ ಸ್ಕ್ರೂ ಡ್ರೈವರ್‌ನಿಂದ ಕೊಕ್ಕೆ ಎತ್ತಬೇಕು. ಹೊಸ ರಬ್ಬರ್ ಹಾಕಿಸಿದ ಮೇಲೆ ಹ್ಯಾಂಡಲ್ ಬಿಗಿಯಾಯಿತು ಎಂದು ಬರುವವರಿಗೂ ಕಾರಣ ಇದೇ.

ಬಾಗೇಪಲ್ಲಿ_44

ನಮ್ಮ ಗಾಡಿಯ ಬಾಗಿಲು ಖಾಲಿ ಇದ್ದಾಗ ಚೆನ್ನಾಗಿ ತೆಗೆಯುತ್ತದೆ, ಲೋಡ್ ತುಂಬಿಕೊಂಡು ಏರುತಗ್ಗಿನ ಜಾಗದಲ್ಲಿ ನಿಂತಾಗ ಮಾತ್ರ ಕಚ್ಚಿಕೊಳ್ಳುತ್ತದೆ. ಲಾಕ್ ತೊಳೆದಿದ್ದೇವೆ, ಗ್ರೀಸ್ ಹಚ್ಚಿದ್ದೇವೆ, ಆದರೂ ಹಾಗೆಯೇ ಇದೆ.

ಬಂಗಾರಪೇಟೆ_ಗ್ಯಾರೇಜ್

ಲೋಡ್ ಇದ್ದಾಗ ಮಾತ್ರ ಎಂದರೆ ಬಾಗಿಲಿಗೂ ಕಂಬಕ್ಕೂ ನಡುವಿನ ಹೊಂದಾಣಿಕೆ ತಪ್ಪಿದೆ. ಬಾಗಿಲನ್ನು ಒಂದು ಗೇಣಿನಷ್ಟು ತೆರೆದು, ಹಿಂದಿನ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಹಿಂಜ್ ಬಳಿ ಲಟಕ್ ಎಂದು ಆಡಿದರೆ ಪಿನ್ ಮತ್ತು ಬುಶ್ ಸವೆದಿವೆ, ಬಾಗಿಲು ಜಗ್ಗಿದೆ. ಅದನ್ನು ಸರಿಪಡಿಸದೆ ಸ್ಟ್ರೈಕರ್ ಮುಟ್ಟಬೇಡಿ, ಮುಟ್ಟಿದರೆ ಒಂದು ದೋಷದ ಮೇಲೆ ಇನ್ನೊಂದು ಸೇರುತ್ತದೆ. ಹಿಂಜ್ ಗಟ್ಟಿಯಾಗಿದ್ದರೆ ಕ್ಯಾಬಿನ್ ಕೂರುವ ರಬ್ಬರ್ ಮೌಂಟ್‌ಗಳನ್ನೂ ನೋಡಿ. ಅವು ಕುಸಿದರೆ ಚಾಸಿ ತಿರುಚಿದಾಗ ಕ್ಯಾಬಿನ್ ಸಹ ತಿರುಚಿಕೊಳ್ಳುತ್ತದೆ.

ಕೊನೆಗೆ ಸ್ಟ್ರೈಕರ್. ಸುತ್ತಲೂ ಪೆನ್ಸಿಲ್‌ನಿಂದ ಗುರುತು ಹಾಕಿ, ಸ್ಕ್ರೂಗಳನ್ನು ಸ್ವಲ್ಪವೇ ಸಡಿಲಿಸಿ, ಮರದ ಸುತ್ತಿಗೆಯಿಂದ ಬೇಕಾದ ದಿಕ್ಕಿಗೆ ತಟ್ಟಿ ಮತ್ತೆ ಬಿಗಿ ಮಾಡಿ. ಸ್ಕ್ರೂಗಳನ್ನು ಪೂರ್ತಿ ಬಿಚ್ಚಬೇಡಿ, ಕೆಲವು ಗಾಡಿಗಳಲ್ಲಿ ಹಿಂದಿನ ನಟ್ ಪ್ಲೇಟ್ ಬಿಡಿಯಾಗಿದ್ದು ಕಂಬದ ಒಳಗೆ ಬಿದ್ದುಹೋಗುತ್ತದೆ.

ಬಾಗೇಪಲ್ಲಿ_44

ಹಿಂಜ್ ಆಡುತ್ತಿದೆ. ಕೆಳಗಿನದು ಚೆನ್ನಾಗಿಯೇ ಆಡುತ್ತಿದೆ. ನಾಳೆಯೇ ಲೇತ್‌ಗೆ ಒಯ್ಯುತ್ತೇನೆ.

ತುಮಕೂರು_ಎಫ್‌ಸಿ

ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಮಾತು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. 2006ರ ಗಾಡಿ ಎಂದರೆ ಪ್ರತಿ ವರ್ಷವೂ ಹೋಗಲೇಬೇಕು. ಹೇಗೂ ಬ್ರೇಕ್, ಲೈಟು, ಪೇಂಟ್ ಎಂದು ಕೆಲಸ ಮಾಡಿಸುತ್ತೇವಲ್ಲ, ಆ ಪಟ್ಟಿಯಲ್ಲಿ ಎರಡೂ ಬಾಗಿಲಿನ ಲಾಕ್ ತೊಳೆಸುವುದನ್ನೂ ಸೇರಿಸಿಕೊಂಡರೆ ಹ್ಯಾಂಡಲ್ ಬಿಗಿಯಾಗುವ ಹಂತಕ್ಕೇ ಹೋಗುವುದಿಲ್ಲ.

ಶ್ರೀನಿವಾಸಪುರ_ಮಾವು

ಎಫ್‌ಸಿಯಲ್ಲಿ ಒಳ ಹ್ಯಾಂಡಲ್ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಮುಳಬಾಗಿಲು_ಲೈನ್

ನೋಡುತ್ತಾರೋ ಬಿಡುತ್ತಾರೋ, ಒಳಗೆ ಕೂರುವುದು ನಮ್ಮ ಡ್ರೈವರ್ ಮತ್ತು ಕ್ಲೀನರ್. ಅವರಿಗಾಗಿ ಮಾಡಿಸಬೇಕು.

ಶ್ರೀನಿವಾಸಪುರ_ಮಾವು

ಆ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಹುರಿ ತೆಗೆಸಿ ಹ್ಯಾಂಡಲ್ ಹಾಕಿಸುತ್ತೇನೆ. ಆದರೆ ನನ್ನ ಕ್ಯಾಬಿನ್ ಕಂಪನಿಯದಲ್ಲ, ಬರಿಯ ಚಾಸಿ ತಂದು ಬಾಡಿ ಕಟ್ಟಿಸಿದ್ದು. ಅಂಗಡಿಯಲ್ಲಿ ಮಾಡೆಲ್ ಹೆಸರು ಹೇಳಿದರೆ ಕೊಡುವ ಹ್ಯಾಂಡಲ್ ಇದಕ್ಕೆ ಕೂರುವುದಿಲ್ಲ. ಎಲ್ಲಿ ಸಿಗುತ್ತದೆ?

ತುಮಕೂರು_ಎಫ್‌ಸಿ

ಕಟ್ಟಿಸಿದ ಕ್ಯಾಬಿನ್ ಆದರೆ ಬಾಡಿ ಕಟ್ಟುವವರು ಬಳಸುವ ಲಾಕ್‌ಗಳೇ ಬೇರೆ. ನಾಮಕ್ಕಲ್, ತಿರುಚೆಂಗೋಡು ಕಡೆ ಕಟ್ಟಿಸಿದ್ದರೆ ಅಲ್ಲಿನ ಮಾದರಿ ಒಂದು, ಇಲ್ಲಿ ಕಟ್ಟಿಸಿದ್ದರೆ ಇನ್ನೊಂದು. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಫೋಟೋ ತೋರಿಸಿ ತರಬೇಡಿ. ಸ್ಕ್ರೂ ತೂತುಗಳ ನಡುವಿನ ಅಂತರ, ರಾಡ್ ಸಿಕ್ಕಿಸುವ ಕಿವಿಯ ದಿಕ್ಕು ಇವೆರಡನ್ನೂ ಅಂಗಡಿಯಲ್ಲಿಯೇ ಹೋಲಿಸಿ. ಎಡಗಡೆಯದೂ ಬಲಗಡೆಯದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ, ಒಂದಕ್ಕೊಂದು ಕೂರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹೊಸದು ಸಿಗುತ್ತದೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೆಯದನ್ನು ಆರಿಸಬಹುದು. 1986ರಿಂದ ರಸ್ತೆಯಲ್ಲಿರುವ ಟಾಟಾ 407 ತರಹದ ಗಾಡಿಯವರಿಗೆ ಈ ಅಲೆದಾಟ ಇಲ್ಲ, ಅದರ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿಯೇ ದೊರೆಯುತ್ತದೆ.

ಕೋಲಾರ_ಮಂಡಿ_ಲಾರಿ

ಕೆಲಸ ಮುಗಿಯಿತು, ಒಂದು ಸಣ್ಣ ಅಂಶ ಬಿಟ್ಟು. ಲಾಕ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಕೊಕ್ಕೆಯ ಅಂಚು ಚೂಪಾಗಿಯೇ ಇತ್ತು. ಬಾಗಿಲು ತೆರೆದಿಟ್ಟು ಸ್ಕ್ರೂ ಡ್ರೈವರ್‌ನಿಂದ ಪರೀಕ್ಷಿಸಿದಾಗ ಹೊರಗಿನ ಹ್ಯಾಂಡಲ್ ಮುಟ್ಟಿದರೆ ಸಾಕು, ಕವೆ ಬಿಡುತ್ತಿದೆ. ಒಳಗಿನದು ಪೂರ್ತಿ ಬರುತ್ತಿದೆ, ಆದರೆ ಕೊನೆಯ ತುದಿಗೆ ಬಂದಾಗಷ್ಟೇ ಬಿಡುತ್ತದೆ. ಸ್ವಲ್ಪ ಮೊದಲೇ ಬಿಡಬೇಕಲ್ಲವೇ?

ಬಂಗಾರಪೇಟೆ_ಗ್ಯಾರೇಜ್

ಹೌದು, ಹ್ಯಾಂಡಲ್ ಮುಕ್ಕಾಲು ದೂರ ಬರುವಷ್ಟರಲ್ಲಿ ಬಿಡಬೇಕು, ಉಳಿದ ಕಾಲು ಭಾಗ ಸವೆತಕ್ಕೆ ಮೀಸಲು. ಹೊರಗಿನದು ಸರಿಯಾಗಿರುವುದರಿಂದ ಲಾಕ್ ಮುಟ್ಟುವ ಅಗತ್ಯವಿಲ್ಲ. ರಾಡ್‌ನ ಒಂದು ತುದಿಯಲ್ಲಿ ಮರೆ, ಅಂದರೆ ಸ್ಕ್ರೂನಲ್ಲಿರುವಂಥ ಸುರುಳಿ ಗೆರೆ, ಇದ್ದರೆ ಕ್ಲಿಪ್ ಕಳಚಿ ಒಂದೆರಡು ಸುತ್ತು ತಿರುಗಿಸಿ ಗಿಡ್ಡ ಮಾಡಿ. ಮರೆ ಇಲ್ಲದ ಬರಿಯ ಕಂಬಿಯಾದರೆ ಹ್ಯಾಂಡಲ್‌ನ ಸ್ಕ್ರೂ ಸಡಿಲಿಸಿ ನೋಡಿ, ಹಲವು ಗಾಡಿಗಳಲ್ಲಿ ಆ ತೂತುಗಳು ಉದ್ದವಾಗಿರುತ್ತವೆ, ಲಾಕ್‌ನಿಂದ ದೂರಕ್ಕೆ ಸರಿಸಿ ಬಿಗಿ ಮಾಡಿದರೆ ಸಡಿಲು ಕಡಿಮೆಯಾಗುತ್ತದೆ. ತೀರಾ ಎಳೆದು ಬಿಗಿಯಬೇಡಿ. ಕೈ ಬಿಟ್ಟಾಗಲೂ ರಾಡ್ ಕೊಕ್ಕೆಯನ್ನು ಎತ್ತಿ ಹಿಡಿದಿದ್ದರೆ ಬಾಗಿಲು ಓಡುವಾಗ ತೆರೆದುಕೊಳ್ಳುವ ಅಪಾಯ ಇದೆ. ಹ್ಯಾಂಡಲ್ ತನ್ನ ಜಾಗದಲ್ಲಿದ್ದಾಗ ಕೂದಲೆಳೆಯಷ್ಟು ಸಡಿಲು ಇರಲೇಬೇಕು. ಹಳದಿಗಟ್ಟಿದ ಕ್ಲಿಪ್‌ಗಳನ್ನೂ ಈಗಲೇ ಬದಲಿಸಿಬಿಡಿ, ಅವುಗಳ ಬೆಲೆ ತೀರಾ ಕಡಿಮೆ, ಆದರೆ ಒಂದು ಮುರಿದರೆ ಮತ್ತೆ ಪ್ಯಾಡ್ ಬಿಚ್ಚಬೇಕು.

ಕೋಲಾರ_ಮಂಡಿ_ಲಾರಿ

ಮರೆ ಇತ್ತು. ಎರಡು ಸುತ್ತಿಗೆ ಸರಿಹೋಯಿತು, ಸಡಿಲೂ ಉಳಿದಿದೆ. ಕ್ಲಿಪ್ ಹೊಸದು ಹಾಕಿದೆ. ಕ್ಲೀನರ್ ಕಡೆಯ ಬಾಗಿಲನ್ನೂ ಮುಂದಿನ ಭಾನುವಾರ ಬಿಚ್ಚುತ್ತೇನೆ. ಪ್ಯಾಡ್ ಮುಚ್ಚುವ ಮೊದಲು ಕೊನೆಯ ಪ್ರಶ್ನೆ: ಇಲ್ಲದೆ ಹೋಗಿರುವ ಪ್ಲಾಸ್ಟಿಕ್ ಹಾಳೆಯ ಬದಲು ಏನು ಹಾಕಬೇಕು?

ಚಿಂತಾಮಣಿ_ಟಿಂಕರ್

ನರ್ಸರಿಯವರು ಬಳಸುವ ದಪ್ಪ ಪಾಲಿಥಿನ್ ಹಾಳೆ ಸಾಕು. ಬಾಗಿಲಿನ ಒಳತಗಡಿನ ಅಳತೆಗೆ ಕತ್ತರಿಸಿ, ರಾಡ್ ಮತ್ತು ತಿರುಗುಹಿಡಿಕೆಯ ಜಾಗದಲ್ಲಿ ಸಣ್ಣ ಸೀಳು ಮಾತ್ರ ಕೊಡಿ. ಅಂಟಿಸಲು ಬ್ಯೂಟೈಲ್ ಟೇಪ್ ಬಳಸಿ, ಮುಂದೆ ಎಂದಾದರೂ ಬಿಚ್ಚಬೇಕಾದರೆ ಹಾಳೆ ಹರಿಯದೆ ಬಿಟ್ಟುಬರುತ್ತದೆ. ಫೆವಿಕಾಲ್‌ನಂಥ ಅಂಟು ಬೇಡ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಹಾಳೆಯ ಕೆಳಗಿನ ಅಂಚನ್ನು ಒಳತಗಡಿನ ಕೆಳಸಾಲಿನ ತೂತಿನೊಳಗೆ ತೂರಿಸಿ, ಇಳಿದ ನೀರು ಬಾಗಿಲಿನ ಒಳಗೇ ಬಿದ್ದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಹೊರಗೆ ಬಿಟ್ಟರೆ ಆ ನೀರು ಪ್ಯಾಡ್‌ನ ಹಲಗೆಗೆ ಹತ್ತಿ, ಅದು ಉಬ್ಬಿ ಕ್ಲಿಪ್‌ಗಳಿಂದ ಕಿತ್ತುಬರುತ್ತದೆ.